ಹಳ್ಳದ ಹುಳಗಳ ಮೇವು, ನೀರಿನ ಬಿಸಿ: ಎರಡನ್ನೂ ಒಟ್ಟಿಗೆ ಪರೀಕ್ಷಿಸುವ ಬಗೆ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಮೇಲ್ಭಾಗದಲ್ಲಿ ಬಂದು ಸೇರುವ ಹಳ್ಳಗಳು ಬಹುಪಾಲು ಮರದ ನೆರಳಲ್ಲೇ ಹರಿಯುತ್ತವೆ. ಅಂಥ ಹಳ್ಳದಲ್ಲಿ ಒಂದು ಕಲ್ಲು ಎತ್ತಿ ತಿರುವಿ ನೋಡಿ. ಚಪ್ಪಟೆ ಮೈಯ ಮೇಫ್ಲೈ ಮರಿ ಕಲ್ಲಿಗೆ ಅಂಟಿಕೊಂಡು ಪಕ್ಕಕ್ಕೆ ಸರಿಯುತ್ತದೆ, ಮರಳಿನ ಮನೆ ಕಟ್ಟಿಕೊಂಡ ಕ್ಯಾಡಿಸ್‌ಫ್ಲೈ ಮರಿ ಮೆಲ್ಲಗೆ ತಲೆ ಹೊರಹಾಕುತ್ತದೆ. ಇವುಗಳ ಬದುಕು ಎರಡು ಸಂಗತಿಗಳ ಮೇಲೆ ನಿಂತಿದೆ: ದಡದ ಮರದಿಂದ ಬೀಳುವ ಎಲೆ, ಅದೇ ಮರದ ನೆರಳಿನಿಂದ ತಂಪಾಗಿ ಉಳಿಯುವ ನೀರು. ಮರ ಕಡಿದ ದಿನವೇ ಎರಡೂ ಒಟ್ಟಿಗೆ ಬದಲಾಗುತ್ತವೆ. ಆದ್ದರಿಂದ ಹಳ್ಳದಲ್ಲಿ ಹುಳ ಎಣಿಸಿದಷ್ಟಕ್ಕೇ ಹಾನಿ ಮಾಡಿದ್ದು ಬಿಸಿಯೋ ಮೇವೋ ಎಂದು ಹೇಳಲು ಬರುವುದಿಲ್ಲ. ಎರಡನ್ನೂ ಬೇರ್ಪಡಿಸಿ, ಮತ್ತೆ ಜೋಡಿಸಿ ನೋಡಬೇಕು. ಆ ಪರೀಕ್ಷೆಯನ್ನು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗವಾಗಲಿ, ಆಸಕ್ತಿಯುಳ್ಳ ಪ್ರೌಢಶಾಲೆಯಾಗಲಿ ಆರು ಟಬ್ಬು, ಮೂವತ್ತಾರು ಜಾರುಗಳಲ್ಲಿ ಮಾಡಬಹುದು.

ಮೊದಲು ಮೇವಿನ ಗುಣ ಎಂದರೇನು ಎಂಬುದು ಸ್ಪಷ್ಟವಾಗಲಿ. ಉದುರಿದ ಒಣ ಎಲೆಯಲ್ಲಿ ಇಂಗಾಲವೇ ಹೆಚ್ಚು, ಸಾರಜನಕ ಬಹಳ ಕಡಿಮೆ. ಒಂದು ಪಾಲು ಸಾರಜನಕಕ್ಕೆ ನಲವತ್ತು, ಐವತ್ತು, ಕೆಲವು ಎಲೆಗಳಲ್ಲಿ ಇನ್ನೂ ಹೆಚ್ಚು ಪಾಲು ಇಂಗಾಲ ಇರುತ್ತದೆ. ಹುಳದ ಮೈಯಲ್ಲಿ ಇದೇ ಲೆಕ್ಕ ಐದಾರು ಪಾಲಿನ ಆಸುಪಾಸು. ಈ ಅಂತರವನ್ನು ತುಂಬುವುದು ನೀರಿನ ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾ. ಎಲೆ ನೀರಿಗೆ ಬಿದ್ದ ಮೊದಲ ಒಂದೆರಡು ದಿನ ಕರಗುವ ಸಕ್ಕರೆ, ಟ್ಯಾನಿನ್ ಸೋರಿ ಹೋಗುತ್ತವೆ. ಆಮೇಲೆ ಶಿಲೀಂಧ್ರ ಒಳಗೆ ಬೇರು ಬಿಟ್ಟು ಎಲೆಯನ್ನು ಮೆತ್ತಗೆ ಮಾಡುತ್ತದೆ, ಹರಿವ ನೀರಿನಿಂದ ಸಾರಜನಕ, ರಂಜಕ ಹೀರಿ ತನ್ನ ಮೈಯಲ್ಲಿ ಕೂಡಿಡುತ್ತದೆ. ಬರೀ ಕಣಿಕೆ ತಿಂದ ಎತ್ತಿಗೂ ಹಿಂಡಿ ಕಲಸಿದ ಕಣಿಕೆ ತಿಂದ ಎತ್ತಿಗೂ ಇರುವಷ್ಟೇ ವ್ಯತ್ಯಾಸ ಹಸಿ ಎಲೆ ತಿಂದ ಹುಳಕ್ಕೂ ಹದಗೊಂಡ ಎಲೆ ತಿಂದ ಹುಳಕ್ಕೂ ಇದೆ.

ಇನ್ನು ಬಿಸಿ. ಹುಳದ ಮೈ ನೀರಿನಷ್ಟೇ ಬೆಚ್ಚಗಿರುತ್ತದೆ. ನೀರು 10 ಡಿಗ್ರಿ ಏರಿದರೆ ಉಸಿರಾಟದ ವೇಗ ಸಾಮಾನ್ಯವಾಗಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. 21ರಿಂದ 29 ಡಿಗ್ರಿಗೆ ಹೋದರೆ ಸುಮಾರು ಮುಕ್ಕಾಲು ಪಾಲು ಹೆಚ್ಚು. ಅಂದರೆ ಬದುಕಿರಲಿಕ್ಕೇ ಅಷ್ಟು ಹೆಚ್ಚು ಮೇವು ಬೇಕು. ಅದೇ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಬೆಳಗಾವಿಯ ಎತ್ತರದಲ್ಲಿ, ಅಂದರೆ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲೆ, 20 ಡಿಗ್ರಿಯ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯದು 6.9ರಷ್ಟು ಮಾತ್ರ. ಬೇಕಾದದ್ದು ಹೆಚ್ಚು, ಸಿಗುವುದು ಕಡಿಮೆ. ಒಳ್ಳೆಯ ಎಲೆ ಇದ್ದರೆ ಹುಳ ಬಿಸಿಯಲ್ಲಿ ಬೇಗ ಬೆಳೆದೀತು. ಎಲೆ ಕಳಪೆಯಾದರೆ ತಿಂದದ್ದೆಲ್ಲ ಉಸಿರಾಟಕ್ಕೇ ಸರಿಹೋದೀತು. ಪರೀಕ್ಷಿಸಬೇಕಾದ ಪ್ರಶ್ನೆ ಇದೇ.

ಯಾವ ಕಾಲ, ಯಾವ ಹಳ್ಳ

ನವೆಂಬರ್‌ನಿಂದ ಫೆಬ್ರುವರಿವರೆಗೆ ಹುಳ ತರಲು ಸರಿಯಾದ ಕಾಲ. ಮಳೆಗಾಲದ ಪ್ರವಾಹದಲ್ಲಿ ಹುಳಗಳು ಕೊಚ್ಚಿ ಹೋಗಿರುತ್ತವೆ, ಹಳ್ಳಕ್ಕಿಳಿಯುವುದೂ ಅಪಾಯ. ಏಪ್ರಿಲ್ ಹೊತ್ತಿಗೆ ಎಷ್ಟೋ ಹಳ್ಳಗಳು ಬತ್ತಿ ಮಡುಗಳಷ್ಟೇ ಉಳಿಯುತ್ತವೆ. ಭೀಮಗಡ ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಏನನ್ನೂ ಹಿಡಿಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಳಕ್ಕೂ ಅನ್ವಯಿಸುತ್ತದೆ. ಅಭಯಾರಣ್ಯದ ಹೊರಗೆ ಊರ ಸಮೀಪದ ನೆರಳಿನ ಹಳ್ಳ ಸಾಕು. ಅಲ್ಲೂ ಅದು ಅರಣ್ಯ ಜಮೀನೋ ಅಲ್ಲವೋ ವಿಚಾರಿಸಿ, ಊರಿನವರಿಗೆ ತಿಳಿಸಿ ಇಳಿಯಿರಿ.

ವಿಜಯಪುರ, ಬಾಗಲಕೋಟೆ ಕಡೆಯವರು ತಮ್ಮೂರ ಕರಿಮಣ್ಣಿನ ಹಳ್ಳಗಳಲ್ಲೇ ಈ ಪರೀಕ್ಷೆಗೆ ಹುಳ ಹುಡುಕಿದರೆ ನಿರಾಶೆಯಾಗಬಹುದು. ಹಲವು ಹಳ್ಳ ಮಳೆಯ ನಾಲ್ಕು ತಿಂಗಳಷ್ಟೇ ಹರಿಯುತ್ತವೆ, ನೀರು ಕದಡಿರುತ್ತದೆ. ಡೋಣಿಯಂಥ ನದಿಯ ನೀರಿನಲ್ಲಿ ಉಪ್ಪಿನಂಶ ಹೆಚ್ಚು, ಅದೇ ಮೂರನೆಯ ಕಾರಣವಾಗಿ ನಡುವೆ ನುಸುಳುತ್ತದೆ. ಅಲ್ಲಿ ಕೈರೊನೊಮಸ್ ಎಂಬ, ಸೊಳ್ಳೆಯನ್ನು ಹೋಲುವ ಕಚ್ಚದ ಕೀಟದ ಕೆಂಪು ಮರಿಗಳನ್ನು ಇಟ್ಟುಕೊಂಡು ಇದೇ ಪರೀಕ್ಷೆ ಮಾಡಿ. ನಿಂತ ನೀರಿನ ಕೆಸರಿನಲ್ಲಿ ಬೇಕಾದಷ್ಟು ಸಿಗುತ್ತವೆ. ಅವುಗಳ ರಕ್ತದಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಕಡಿಮೆ ಆಮ್ಲಜನಕವನ್ನೂ ತಡೆದುಕೊಳ್ಳುತ್ತವೆ. ಆದ್ದರಿಂದ ಅವು ತೋರಿಸುವ ಫಲಿತಾಂಶವನ್ನು ಮಲೆನಾಡ ಹಳ್ಳದ ಹುಳಕ್ಕೆ ಅನ್ವಯಿಸುವಂತಿಲ್ಲ, ಅಷ್ಟು ನೆನಪಿದ್ದರೆ ಸಾಕು.

ಹಳ್ಳದ ಬಿಸಿ ಅಳೆಯುವಾಗ ಬೆಳಗಿನ ಆರು ಗಂಟೆ, ಮಧ್ಯಾಹ್ನ ಎರಡು-ಮೂರು ಗಂಟೆ, ಎರಡೂ ಹೊತ್ತು ಅಳೆಯಿರಿ. ಹರಿವ ನೀರಿನಲ್ಲಿ, ನೆರಳಿನಲ್ಲಿ, ಕಲ್ಲಿಗೆ ತಾಗದಂತೆ ಎರಡು ನಿಮಿಷ ಹಿಡಿಯಿರಿ. ಒಂದು ವಾರದ ಅಳತೆಯಾದರೂ ಕೈಯಲ್ಲಿರಬೇಕು. ಪರೀಕ್ಷೆಯ ಕೆಳಗಿನ ಮಟ್ಟ ಆ ಹಳ್ಳದ ಸರಾಸರಿಗೆ ಹತ್ತಿರ ಇರಲಿ. ಇಲ್ಲಿ 21, 25, 29 ಡಿಗ್ರಿ ಎಂದು ಇಟ್ಟುಕೊಂಡಿದ್ದೇವೆ, ನಿಮ್ಮ ಹಳ್ಳಕ್ಕೆ ತಕ್ಕಂತೆ ಒಂದೆರಡು ಡಿಗ್ರಿ ಹಿಂದೆಮುಂದೆ ಮಾಡಿಕೊಳ್ಳಿ.

ಯಾವ ಹುಳ, ಹೇಗೆ ತರುವುದು

ಎಲೆಯನ್ನೇ ಕತ್ತರಿಸಿ ತಿನ್ನುವ ಹುಳ ಬೇಕು. ಮಲೆನಾಡ ಅಂಚಿನ ಹಳ್ಳಗಳಲ್ಲಿ ಇದಕ್ಕೆ ಒಪ್ಪುವ ಎರಡು ಕ್ಯಾಡಿಸ್‌ಫ್ಲೈ ಮರಿಗಳಿವೆ. ಅನೈಸೊಸೆಂಟ್ರೋಪಸ್ ಎರಡು ಅಂಡಾಕಾರದ ಎಲೆ ತುಂಡುಗಳ ನಡುವೆ ವಾಸಿಸುತ್ತದೆ. ಮೇಲಿನ ತುಂಡು ದೊಡ್ಡದು, ಕೆಳಗಿನದು ಚಿಕ್ಕದು. ಮೇಲಿನಿಂದ ನೋಡಿದರೆ ಕೊಳೆತ ಎಲೆಯ ಚೂರೇ ನಡೆದಾಡಿದಂತೆ ಕಾಣುತ್ತದೆ. ಲೆಪಿಡೊಸ್ಟೋಮ ಎಲೆಯ ಚೌಕ ಹಲಗೆಗಳನ್ನು ಜೋಡಿಸಿ ನಾಲ್ಕು ಮೂಲೆಯ ಕೊಳವೆ ಕಟ್ಟುತ್ತದೆ. ಎರಡೂ ವೇಗದ ನೀರಿಗಿಂತ, ದಡದಂಚಿನಲ್ಲಿ ಎಲೆ ಗುಡ್ಡೆ ಬಿದ್ದ ಕಡೆ ಸಿಗುತ್ತವೆ. ಬಲೆ ಹಾಕಿ ಕಾಲಲ್ಲಿ ಕಲ್ಲು ಕದಡುವುದು ಇಲ್ಲಿ ಬೇಕಿಲ್ಲ. ಎಲೆ ಗುಡ್ಡೆಯನ್ನು ಎರಡೂ ಕೈಯಿಂದ ಎತ್ತಿ ಬಿಳಿ ತಾಟಿನಲ್ಲಿ ಹಳ್ಳದ್ದೇ ನೀರು ಹಾಕಿ ಹರಡಿ. ಐದು ನಿಮಿಷ ಅಲುಗಾಡದೆ ಕಾಯ್ದರೆ ಹುಳಗಳು ತಾವಾಗಿ ನಡೆಯತೊಡಗುತ್ತವೆ.

ಚಿಮುಟದಿಂದ ಹಿಡಿಯಬೇಡಿ. ಮೆತ್ತನೆಯ ಬಣ್ಣದ ಕುಂಚ ಅಥವಾ ಚಮಚೆ ಬಳಸಿ. ಒಂದೇ ಗಾತ್ರದ, ನಡುವಯಸ್ಸಿನ ಮರಿಗಳನ್ನೇ ಆರಿಸಿ. ತೀರ ದೊಡ್ಡವು ನಾಲ್ಕು ದಿನದಲ್ಲಿ ಮನೆಯ ಬಾಯಿ ಮುಚ್ಚಿ ಕೋಶಾವಸ್ಥೆಗೆ ಹೋಗಿಬಿಡುತ್ತವೆ, ಆಮೇಲೆ ಅವು ತಿನ್ನುವುದೂ ಇಲ್ಲ ಬೆಳೆಯುವುದೂ ಇಲ್ಲ. ಡ್ರ್ಯಾಗನ್‌ಫ್ಲೈ ಮರಿ, ಸ್ಟೋನ್‌ಫ್ಲೈ ಮರಿ, ಏಡಿ ಮರಿ ಒಂದೂ ಡಬ್ಬಿಯೊಳಗೆ ಸೇರದಂತೆ ನೋಡಿಕೊಳ್ಳಿ. ದಾರಿಯಲ್ಲೇ ಅರ್ಧ ಹುಳ ಖಾಲಿಯಾಗುತ್ತವೆ. ಡಬ್ಬಿ ತುಂಬ ನೀರು ತುಂಬಿಸಿ ಮುಚ್ಚಳ ಹಾಕುವುದು ದೊಡ್ಡ ತಪ್ಪು. ತಳದಲ್ಲಿ ಎರಡು ಬೆರಳು ನೀರು, ಮೇಲೆ ಒದ್ದೆ ಎಲೆ, ಉಳಿದದ್ದೆಲ್ಲ ಗಾಳಿ, ಇಷ್ಟಿದ್ದರೆ ಖಾನಾಪುರದಿಂದ ಬೆಳಗಾವಿಗೆ ಬರುವಷ್ಟರಲ್ಲಿ ಏನೂ ಆಗುವುದಿಲ್ಲ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇಡಿ. ಬರ್ಫದ ಬಾಟಲಿ ಹಾಕಿದರೆ ಬಟ್ಟೆ ಸುತ್ತಿ, ಡಬ್ಬಿಗೆ ನೇರವಾಗಿ ತಾಗದಿರಲಿ. ಪರೀಕ್ಷೆಗೆ 120 ಹುಳ ಬೇಕು, 150 ತನ್ನಿ. ಒಂದೇ ಜಾಗದಲ್ಲಿ ಅಷ್ಟೂ ತೆಗೆಯದೆ ನಾಲ್ಕೈದು ಗುಡ್ಡೆಗಳಿಂದ ಸ್ವಲ್ಪ ಸ್ವಲ್ಪ ತೆಗೆಯಿರಿ.

ಎಲೆಯನ್ನು ಹದ ಮಾಡುವುದು

ಎರಡು ಬಗೆಯ ಎಲೆ ಸಾಕು. ಒಳ್ಳೆಯ ಮೇವಿಗೆ ಅತ್ತಿ, ದಡದಲ್ಲೇ ಬೆಳೆಯುವ, ನೀರಿನಲ್ಲಿ ಬೇಗ ಮೆತ್ತಗಾಗುವ ಎಲೆ. ಕಳಪೆ ಮೇವಿಗೆ ನೀಲಗಿರಿ. ಅದರ ಮೇಣದ ಹೊದಿಕೆ, ಎಣ್ಣೆ, ಟ್ಯಾನಿನ್ ಸೇರಿ ಶಿಲೀಂಧ್ರ ಹತ್ತುವುದನ್ನು ತಡಮಾಡುತ್ತವೆ. ಬೇವು ಬೇಡ, ಅದು ಹುಳಕ್ಕೆ ವಿಷವೇ. ವಿಷಕ್ಕೂ ಕಳಪೆ ಮೇವಿಗೂ ವ್ಯತ್ಯಾಸ ಗೊತ್ತಾಗದೆ ಹೋಗುತ್ತದೆ. ಮರದ ಕೆಳಗೆ ಹಳೆ ಸೀರೆ ಹಾಸಿ ಅಂದೇ ಉದುರಿದ ಎಲೆ ಸಂಗ್ರಹಿಸಿ. ಔಷಧಿ ಹೊಡೆದ ಕಬ್ಬಿನ ಗದ್ದೆಯ ಬದುವಿನ ಮರ ಬೇಡ. ನೆರಳಿನಲ್ಲಿ ಹತ್ತು ದಿನ ಒಣಗಿಸಿ. ಒಲೆಯಲ್ಲೋ ಅವನ್‌ನಲ್ಲೋ ಒಣಗಿಸಿದರೆ ಎಲೆಯ ರಾಸಾಯನಿಕ ಗುಣವೇ ಬದಲಾಗುತ್ತದೆ, ಮೇವಿಗೆ ಅದು ಬರುವುದಿಲ್ಲ.

ಒಣಗಿದ ಎಲೆಯನ್ನು ಸೊಳ್ಳೆಪರದೆಯ ಬಟ್ಟೆಯಿಂದ ಹೊಲಿದ ಚೀಲಗಳಲ್ಲಿ ತಲಾ 5 ಗ್ರಾಂನಂತೆ ಹಾಕಿ. ಈರುಳ್ಳಿ ಚೀಲದ ಕಣ್ಣು ದೊಡ್ಡದು, ಹುಳ ಒಳಹೊಕ್ಕು ನಿಮಗಿಂತ ಮೊದಲೇ ತಿಂದಿರುತ್ತವೆ. ಅದೇ ಹಳ್ಳದಲ್ಲಿ ಕಲ್ಲಿಗೆ ಕಟ್ಟಿ, ನೆರಳಿನಲ್ಲಿ, ಎರಡೂ ಬಗೆಯ ಎಲೆಯನ್ನು ಒಟ್ಟಿಗೆ ಹದಿನಾಲ್ಕು ದಿನ ಮುಳುಗಿಸಿಡಿ. ಮೇವು ತಾಜಾ ಇರಬೇಕಾದ್ದರಿಂದ ನಾಲ್ಕು ದಿನಕ್ಕೊಮ್ಮೆ ಹೊಸ ಚೀಲಗಳನ್ನು ಹಳ್ಳಕ್ಕಿಳಿಸುತ್ತ ಹೋಗಿ. ಆಗ ಪ್ರತಿ ಬಾರಿಯೂ ಹದಿನಾಲ್ಕು ದಿನದ ಎಲೆಯೇ ಕೈಗೆ ಬರುತ್ತದೆ.

ಹೆಚ್ಚು ಜನ ಎಡವುವುದು ಇಲ್ಲೇ. ಎಲೆಯನ್ನು ಆಯಾ ಬಿಸಿಯ ಟಬ್ಬಿನಲ್ಲೇ ಹದ ಮಾಡಿದರೆ 29 ಡಿಗ್ರಿಯಲ್ಲಿ ಶಿಲೀಂಧ್ರ ಬೇರೆ ವೇಗದಲ್ಲಿ ಬೆಳೆದು ಮೇವಿನ ಗುಣವೇ ಬದಲಾಗಿರುತ್ತದೆ. ಆಗ ಹುಳ ಕುಂಠಿತವಾದರೆ ನೀರಿನ ಬಿಸಿಯಿಂದಲೋ, ಬಿಸಿಯಿಂದ ಬದಲಾದ ಎಲೆಯಿಂದಲೋ ಹೇಳುವಂತಿಲ್ಲ. ಎಲ್ಲ ಎಲೆಯೂ ಒಂದೇ ಹಳ್ಳದಲ್ಲಿ ಹದವಾಗಲಿ. ಜಾರಿಗೆ ಹಾಕಿದ ಮೇಲೂ ಅದು ಬದಲಾಗುತ್ತಲೇ ಇರುವುದರಿಂದ ನಾಲ್ಕು ದಿನಕ್ಕಿಂತ ಹೆಚ್ಚು ಒಳಗಿಡಬೇಡಿ.

ಹದ ಬಂದಿದೆಯೇ ಎಂದು ಕಣ್ಣಂದಾಜಿನಲ್ಲಿ ಹೇಳುವುದಕ್ಕಿಂತ ಒಂದು ಸಣ್ಣ ಸಾಧನ ಮಾಡಿಕೊಳ್ಳಿ. ಎರಡು ಮಿಲಿಮೀಟರ್ ದಪ್ಪದ, ತುದಿ ಚಪ್ಪಟೆಯಾದ ಮೊಳೆಯನ್ನು ಹಗುರ ಪ್ಲಾಸ್ಟಿಕ್ ಲೋಟದ ತಳಕ್ಕೆ ಅಂಟಿಸಿ. ರಂಧ್ರವಿರುವ ಎರಡು ಹಲಗೆ ಚೂರುಗಳ ನಡುವೆ ಒದ್ದೆ ಎಲೆಯನ್ನು ಹಿಡಿದು, ಮೊಳೆಯನ್ನು ರಂಧ್ರದಲ್ಲಿ ನಿಲ್ಲಿಸಿ, ಲೋಟಕ್ಕೆ ಮೆಲ್ಲಗೆ ಮರಳು ಸುರಿಯಿರಿ. ಎಲೆ ಪಟಕ್ಕನೆ ತೂತಾದ ಕ್ಷಣ ನಿಲ್ಲಿಸಿ ಲೋಟವನ್ನು ಮರಳಿನ ಸಮೇತ ತೂಗಿ. ಒಂದು ಎಲೆಗೆ ನಡುನಾರು ತಪ್ಪಿಸಿ ಐದು ಕಡೆ ಅಳೆದು ಸರಾಸರಿ ತೆಗೆಯಿರಿ. ಹಳ್ಳಕ್ಕೆ ಹಾಕುವ ಮೊದಲಿನ ಎಲೆಯನ್ನು ಒಂದು ಗಂಟೆ ನೆನೆಸಿ ಅಳೆದ ತೂಕ, ಹದಿನಾಲ್ಕು ದಿನದ ತೂಕ, ಎರಡನ್ನೂ ಬರೆದಿಡಿ. ಅತ್ತಿಯಲ್ಲಿ ತೂಕ ಚೆನ್ನಾಗಿ ಇಳಿದಿರಬೇಕು, ನೀಲಗಿರಿಯಲ್ಲಿ ಅಷ್ಟು ಇಳಿದಿರುವುದಿಲ್ಲ. ಎರಡೂ ಸಮ ಬಂದರೆ ನಿಮ್ಮ ಎರಡು ಮೇವುಗಳು ನಿಜಕ್ಕೂ ಬೇರೆಬೇರೆಯಾಗಿಲ್ಲ, ಪರೀಕ್ಷೆ ಆರಂಭಿಸುವುದರಲ್ಲಿ ಅರ್ಥವಿಲ್ಲ.

ಟಬ್ಬು ಮತ್ತು ಜಾರು

40 ಲೀಟರಿನ ಆರು ಟಬ್ಬು, ಪ್ರತಿ ಬಿಸಿಗೆ ಎರಡು. ಒಂದೊಂದು ಟಬ್ಬಿನಲ್ಲಿ ಅರ್ಧ ಲೀಟರಿನ ಆರು ಜಾರು: ಅತ್ತಿ ಹಾಕಿದ ಎರಡು, ನೀಲಗಿರಿ ಹಾಕಿದ ಎರಡು, ಹುಳವಿಲ್ಲದೆ ಅತ್ತಿ ಮಾತ್ರ ಇರುವ ಒಂದು, ಹುಳವಿಲ್ಲದ ನೀಲಗಿರಿ ಒಂದು. ಹುಳವಿರುವ ಪ್ರತಿ ಜಾರಿಗೆ ಐದು ಹುಳ. ಎಲ್ಲ 29 ಡಿಗ್ರಿಯ ಜಾರುಗಳನ್ನು ಒಂದೇ ಟಬ್ಬಿನಲ್ಲಿ ಇಟ್ಟು ಆ ಟಬ್ಬಿನ ಹೀಟರ್ ಒಂದು ರಾತ್ರಿ ಕೆಟ್ಟರೆ ಇಡೀ ಪರೀಕ್ಷೆ ಹೋಯಿತು. ಕೆಡದಿದ್ದರೂ, ಅದು ಬಿಸಿಯ ಪರಿಣಾಮವೋ ಆ ಒಂದು ಟಬ್ಬಿನ ಪರಿಣಾಮವೋ ಎಂಬ ಪ್ರಶ್ನೆ ಉಳಿಯುತ್ತದೆ. ಆದ್ದರಿಂದ ಎರಡು ಟಬ್ಬು ಕಡ್ಡಾಯ, ಮೂರಾದರೆ ಇನ್ನೂ ಒಳ್ಳೆಯದು.

ಹೀಟರ್ ಟಬ್ಬಿನ ನೀರಿನಲ್ಲಿರಲಿ, ಜಾರಿನೊಳಗೆ ಬೇಡ. ಅಕ್ವೇರಿಯಂ ಅಂಗಡಿಯ ಥರ್ಮೋಸ್ಟಾಟ್ ಇರುವ 100 ವಾಟ್ ಹೀಟರ್ ಸಾಕು. ಅದರ ಗುಂಡಿಯ ಮೇಲಿನ ಅಂಕಿ ನಂಬಬೇಡಿ, ಬೇರೆ ಥರ್ಮಾಮೀಟರಿನಿಂದ ಎರಡು ದಿನ ನೋಡಿ ಸರಿಪಡಿಸಿ. ಟಬ್ಬಿನ ನೀರನ್ನು ಸಣ್ಣ ಪಂಪಿನಿಂದ ಕಲಕುತ್ತಿರಬೇಕು, ಇಲ್ಲದಿದ್ದರೆ ಒಂದು ಮೂಲೆ ಬಿಸಿ, ಇನ್ನೊಂದು ಮೂಲೆ ತಂಪು. ಬೆಳಗಾವಿಯ ಚಳಿಗಾಲದಲ್ಲಿ 21 ಡಿಗ್ರಿ ಹಿಡಿಯುವುದು ಸುಲಭ, ರಾತ್ರಿ ಇನ್ನೂ ಕೆಳಗಿಳಿಯದಂತೆ ಆ ಟಬ್ಬಿಗೂ ಹೀಟರ್ ಬೇಕಾದೀತು. ವಿಜಯಪುರದಲ್ಲಾದರೆ ಏಸಿ ಕೋಣೆ ಬೇಕೇ ಬೇಕು. ಕರೆಂಟು ಹೋದಾಗ ಬಿಸಿ ಜಾರದಂತೆ ಟಬ್ಬುಗಳಿಗೆ ಥರ್ಮಾಕೋಲ್ ಸುತ್ತಿ. ಗಾಳಿಯ ಪಂಪುಗಳನ್ನು ಇನ್ವರ್ಟರಿಗೆ ಜೋಡಿಸಿ. ಬಿಸಿ ಜಾರಿನಲ್ಲಿ ಗಾಳಿ ನಿಂತರೆ ಎಲೆಯ ಮೇಲಿನ ಸೂಕ್ಷ್ಮಜೀವಿಗಳೇ ಆಮ್ಲಜನಕ ಮುಗಿಸುತ್ತವೆ, ಬೆಳಗ್ಗೆ ಹೊತ್ತಿಗೆ ಹುಳಗಳು ಮನೆಯಿಂದ ಅರ್ಧ ಹೊರಬಂದು ಬಿದ್ದಿರುತ್ತವೆ.

ಮೂವತ್ತಾರೂ ಜಾರಿಗೆ ಒಂದೇ ಪ್ರಮಾಣದ ಗಾಳಿ ಹೋಗಬೇಕು. ಬಿಸಿಯ ಜಾರಿಗೆ ಹೆಚ್ಚು ಗಾಳಿ ಕೊಟ್ಟರೂ ಆಮ್ಲಜನಕ ತಂಪು ನೀರಿನ ಮಟ್ಟಕ್ಕೆ ಬರುವುದಿಲ್ಲ, ಆದರೆ ಆ ಬಿಸಿಯಲ್ಲಿ ಹಿಡಿಯುವಷ್ಟಾದರೂ ತುಂಬಿರಬೇಕು. ವಾರಕ್ಕೆರಡು ಸಲ ಆಮ್ಲಜನಕವನ್ನು ವಿಂಕ್ಲರ್ ಎಂಬ ರಾಸಾಯನಿಕ ವಿಧಾನದಿಂದಲೋ ಮೀಟರಿನಿಂದಲೋ ಅಳೆದು, 29 ಡಿಗ್ರಿಯಲ್ಲಿ ಲೀಟರಿಗೆ 6 ಮಿಲಿಗ್ರಾಂಗಿಂತ ಕೆಳಗಿಳಿದರೆ ಗಾಳಿಯ ಕಲ್ಲು ಬದಲಿಸಿ.

ನೀರು ಹಳ್ಳದ್ದೇ ಇರಲಿ, ತೆಳು ಬಟ್ಟೆಯಲ್ಲಿ ಸೋಸಿ ತನ್ನಿ. ನಲ್ಲಿ ನೀರಿನ ಕ್ಲೋರಿನ್ ಹುಳವನ್ನೂ ಕೊಲ್ಲುತ್ತದೆ, ಎಲೆಯ ಶಿಲೀಂಧ್ರವನ್ನೂ ಕೊಲ್ಲುತ್ತದೆ. ಬೋರ್‌ವೆಲ್ ನೀರು ಗಡಸು, ಬೇಡ. ಎರಡು ದಿನಕ್ಕೊಮ್ಮೆ ಅರ್ಧ ನೀರು ತೆಗೆದು ಅದೇ ಬಿಸಿಯ ಹೊಸ ನೀರು ಹಾಕಿ.

ಆ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಬಾರದು, ಸೊಳ್ಳೆಯ ಲಿಕ್ವಿಡ್ ಮಷಿನ್ ಹಾಕಬಾರದು, ಜಿರಳೆ ಸ್ಪ್ರೇ ಹೊಡೆಯಬಾರದು. ಅವುಗಳಲ್ಲಿರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ನೀರಿನ ಹುಳಕ್ಕೆ ಅತಿ ಸಣ್ಣ ಪ್ರಮಾಣದಲ್ಲೂ ಮಾರಕ, ಗಾಳಿಯ ಪಂಪು ಅದನ್ನು ನೇರವಾಗಿ ನೀರಿಗೇ ತಳ್ಳುತ್ತದೆ. ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ, ರಾತ್ರಿ ಕಾವಲಿನವರಿಗೂ ಹೇಳಿಡಿ.

ಹುಳಗಳನ್ನು ನೇರವಾಗಿ 29ಕ್ಕೆ ಹಾಕಬೇಡಿ. ಎಲ್ಲವನ್ನೂ 21ರಲ್ಲಿ ಎರಡು ದಿನ ಇಟ್ಟು, ದಿನಕ್ಕೆ 2 ಡಿಗ್ರಿಯಂತೆ ಏರಿಸಿ. 21ರಲ್ಲೇ ಉಳಿಯುವ ಹುಳಗಳನ್ನೂ ಅಷ್ಟೇ ದಿನ ಕಾಯಿಸಿ, ಎಲ್ಲಕ್ಕೂ ಒಂದೇ ದಿನ ಲೆಕ್ಕ ಆರಂಭವಾಗಲಿ.

ಅಳತೆ

ಎಲೆಯನ್ನು 12 ಮಿಲಿಮೀಟರಿನ ಕಾರ್ಕ್ ಬೋರರಿನಿಂದ (ಅಂಚು ಹರಿತವಾದ ಲೋಹದ ಕೊಳವೆ) ನಡುನಾರು ಬಿಟ್ಟು ಬಿಲ್ಲೆಗಳಾಗಿ ಕತ್ತರಿಸಿ, ಜಾರಿಗೆ ಇಪ್ಪತ್ತರಂತೆ ಹಾಕಿ. ಅದೇ ಎಲೆಯ ಇನ್ನಿಪ್ಪತ್ತು ಬಿಲ್ಲೆಗಳನ್ನು 60 ಡಿಗ್ರಿಯಲ್ಲಿ 48 ಗಂಟೆ ಒಣಗಿಸಿ ತೂಗಿದರೆ ಹಾಕಿದ ಮೇವಿನ ಒಣ ತೂಕ ಸಿಗುತ್ತದೆ. ನಾಲ್ಕು ದಿನದ ಮೇಲೆ ಉಳಿದ ಬಿಲ್ಲೆ, ಚೂರುಗಳನ್ನು ಹಾಗೆಯೇ ಒಣಗಿಸಿ ತೂಗಿ. ಹುಳವಿಲ್ಲದ ಜಾರಿನಲ್ಲಿ ಆದ ನಷ್ಟವನ್ನು ಹುಳವಿರುವ ಜಾರಿನ ನಷ್ಟದಿಂದ ಕಳೆಯಿರಿ. ಆ ಕಳೆಯುವಿಕೆ ಬಿಟ್ಟರೆ ಬಿಸಿಯಲ್ಲಿ ತಾನಾಗಿ ಕೊಳೆತದ್ದೂ ಹುಳದ ಹೊಟ್ಟೆಯ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ಮೋಸ ಹುಳದ ಮನೆಯಲ್ಲೇ ಇದೆ. ಈ ಎರಡೂ ಹುಳ ಮನೆ ಕಟ್ಟುವುದು ಎಲೆಯಿಂದಲೇ ಆದ್ದರಿಂದ ನಿಮ್ಮ ಬಿಲ್ಲೆಯನ್ನು ಅಂಚಿನಿಂದ ದುಂಡಗೆ ಕೊಯ್ದು ಮೈಗೆ ಹೊದ್ದುಕೊಳ್ಳುತ್ತವೆ. ತಿಂದ ಬಿಲ್ಲೆಗೂ ಕೊಯ್ದ ಬಿಲ್ಲೆಗೂ ಗುರುತು ಬೇರೆ. ತಿಂದದ್ದರ ಅಂಚು ಹರಿದಿರುತ್ತದೆ, ಎಷ್ಟೋ ಸಲ ನರಗಳ ಜಾಲರಿಯಷ್ಟೇ ಉಳಿದಿರುತ್ತದೆ. ಕೊಯ್ದದ್ದು ಕತ್ತರಿಯಿಂದ ಕತ್ತರಿಸಿದಷ್ಟು ನುಣುಪು. ಹೊಸ ಜಾರಿಗೆ ಬಂದ ಮೊದಲ ಎರಡು ದಿನ ಈ ಕೆಲಸ ಜೋರು. ಆ ಎರಡು ದಿನದ ಮೇವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಕೊನೆಯಲ್ಲಿ ಮನೆಗೆ ಸೇರಿದ ಹೊಸ ತುಂಡುಗಳನ್ನು ಬಿಡಿಸಿ ತೂಗಿ ಕಳೆಯಿರಿ.

ಬೆಳವಣಿಗೆಗೆ ಮನೆಯ ಉದ್ದ ನಂಬಬೇಡಿ, ತಲೆಯ ಅಗಲ ಅಳೆಯಿರಿ. ಹುಳವನ್ನು ಮನೆಸಮೇತ ಸಣ್ಣ ಗಾಜಿನ ತಟ್ಟೆಯಲ್ಲಿಟ್ಟು, ಕೆಳಗೆ ಗ್ರಾಫ್ ಹಾಳೆ ಹಾಕಿ, ಸೂಕ್ಷ್ಮದರ್ಶಕದ ಕಣ್ಣಿಗೆ ಮೊಬೈಲ್ ಹಿಡಿದು ಫೋಟೋ ತೆಗೆದರೆ ಸಾಕು. ತಲೆ ಪೊರೆ ಕಳಚಿದಾಗ ಮಾತ್ರ ಹಿಗ್ಗುವುದರಿಂದ ಎರಡು ವಾರದ ನಡುವಿನ ಸಣ್ಣ ವ್ಯತ್ಯಾಸಕ್ಕೆ ತೂಕವೂ ಬೇಕು. ಆರಂಭದ ದಿನ ಹೆಚ್ಚುವರಿ ಮೂವತ್ತು ಹುಳಗಳಲ್ಲಿ ಹದಿನೈದನ್ನು ಮನೆ ಬಿಡಿಸಿ ಒಣಗಿಸಿ ತೂಗಿ ಸರಾಸರಿ ಹಿಡಿಯಿರಿ, ಪರೀಕ್ಷೆ ಮುಗಿಯುವ 28ನೇ ದಿನ ಜಾರುಗಳಲ್ಲಿ ಉಳಿದ ಎಲ್ಲವನ್ನೂ ಹಾಗೆಯೇ ತೂಗಿ. ಬೆಳವಣಿಗೆಯ ದರ ಎಂದರೆ ಕೊನೆಯ ತೂಕದ ಸಹಜ ಲಾಗರಿದಮ್‌ನಿಂದ ಮೊದಲ ತೂಕದ್ದನ್ನು ಕಳೆದು ದಿನಗಳಿಂದ ಭಾಗಿಸಿದ್ದು. ಉದಾಹರಣೆಗೆ 4 ಮಿಲಿಗ್ರಾಂ ಇದ್ದದ್ದು 28 ದಿನಕ್ಕೆ 7 ಮಿಲಿಗ್ರಾಂ ಆದರೆ 0.56 ಭಾಗಿಸು 28, ಅಂದರೆ ದಿನಕ್ಕೆ 0.02. ಸತ್ತ ಹುಳವನ್ನು ಕಂಡ ದಿನವೇ ತೆಗೆದು ದಿನಾಂಕ ಬರೆಯಿರಿ.

ಜಾರಿನ ಬಾಯಿಗೆ ಪರದೆ ಕಟ್ಟಿರಬೇಕು. ಬಿಸಿ ಜಾರುಗಳಲ್ಲಿ ಕೆಲವು ರೆಕ್ಕೆ ಬಂದು ಹೊರಬರುತ್ತವೆ. ಹಾಗೆ ಬೇಗ ಹೊರಬಂದ ಹುಳ ಸಾಮಾನ್ಯವಾಗಿ ಗಾತ್ರದಲ್ಲಿ ಸಣ್ಣದು, ಸಣ್ಣ ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆಯೂ ಕಡಿಮೆ. ಬೇಗ ಬೆಳೆದದ್ದನ್ನು ಚೆನ್ನಾಗಿ ಬೆಳೆದದ್ದು ಎಂದು ಓದಬಾರದು. ಆದ್ದರಿಂದ ಹೊರಬಂದ ದಿನ, ರೆಕ್ಕೆಯ ಉದ್ದ ಎರಡೂ ಪುಸ್ತಕದಲ್ಲಿರಲಿ.

ಫಲಿತಾಂಶ ನೋಡಲು ಮೊದಲು ಒಂದು ಚಿತ್ರ ಬರೆಯಿರಿ. ಅಡ್ಡಕ್ಕೆ 21, 25, 29, ನಿಲುವಿಗೆ ಬೆಳವಣಿಗೆಯ ದರ, ಅತ್ತಿಗೆ ಒಂದು ಗೆರೆ, ನೀಲಗಿರಿಗೆ ಒಂದು. ಎರಡೂ ಗೆರೆ ಸಮಾಂತರವಾಗಿ ಹೋದರೆ ಬಿಸಿ ಮತ್ತು ಮೇವು ತಮ್ಮ ತಮ್ಮ ಪಾಡಿಗೆ ಕೆಲಸ ಮಾಡುತ್ತಿವೆ. ಅತ್ತಿಯ ಗೆರೆ ಏರುತ್ತ ನೀಲಗಿರಿಯದು ಕುಸಿದರೆ ಕಳಪೆ ಮೇವು ಬಿಸಿಯಲ್ಲಿ ಹೆಚ್ಚು ಹಾನಿ ಮಾಡುತ್ತಿದೆ ಎಂದರ್ಥ. ಎರಡೂ 29ರಲ್ಲಿ ಒಟ್ಟಿಗೆ ಬಿದ್ದರೆ ಹುಳದ ತಾಳಿಕೆಯ ಮಿತಿ ದಾಟಿದ್ದೀರಿ, ಅಲ್ಲಿ ಯಾವ ಎಲೆಯೂ ಕಾಪಾಡುವುದಿಲ್ಲ. ನೀಲಗಿರಿಯ ಹುಳ ಹೆಚ್ಚು ತಿಂದೂ ಕಡಿಮೆ ಬೆಳೆದಿದೆಯೇ ಎಂಬುದನ್ನೂ ನೋಡಿ. ಗುಣ ಕಡಿಮೆಯಾದಾಗ ಪ್ರಮಾಣ ಹೆಚ್ಚಿಸಿಕೊಳ್ಳುವ ಹುಳಗಳುಂಟು. ಅನೋವಾ (ಗುಂಪುಗಳ ಸರಾಸರಿ ಹೋಲಿಸುವ ಸಂಖ್ಯಾಶಾಸ್ತ್ರದ ಲೆಕ್ಕ) ಹಾಕುವವರು ಬಿಸಿಯ ಪರಿಣಾಮ ಲೆಕ್ಕ ಹಾಕುವಾಗ ಟಬ್ಬನ್ನೇ ಘಟಕವೆಂದು ಹಿಡಿಯಬೇಕು, ನೂರಿಪ್ಪತ್ತು ಹುಳ ಅಳೆದೆವು ಎಂದು ನೂರಿಪ್ಪತ್ತು ಎಂದು ಬರೆಯಬಾರದು.

ಇದನ್ನು ಹಳ್ಳಕ್ಕೆ ಅನ್ವಯಿಸುವಾಗ ಒಂದು ಎಚ್ಚರ. ದಡದ ಮರ ಹೋದ ಹಳ್ಳದಲ್ಲಿ ಎಲೆ ಕಡಿಮೆಯಾದರೂ ಬಿಸಿಲು ಬಿದ್ದು ಕಲ್ಲಿನ ಮೇಲೆ ಪಾಚಿ ಬೆಳೆಯುತ್ತದೆ. ಅದರಲ್ಲಿ ಡಯಾಟಮ್ ಎಂಬ ಕಂದು ಬಣ್ಣದ ಸೂಕ್ಷ್ಮ ಪಾಚಿಗಳು, ಎಲೆಯಲ್ಲಿ ಸಿಗದ ಕೊಬ್ಬಿನಾಮ್ಲಗಳಿರುವ ಉತ್ತಮ ಮೇವು. ಕಲ್ಲು ಕೆರೆದು ತಿನ್ನುವ ಮೇಫ್ಲೈ, ಬಸವನಹುಳುಗಳಿಗೆ ಅದು ಲಾಭವೇ. ನೂಲಿನಂತೆ ಜೋತುಬೀಳುವ ಹಸಿರು ಪಾಚಿಯಲ್ಲಿ ಆ ಗುಣ ಕಡಿಮೆ. ಎಲೆ ತಿನ್ನುವ ಹುಳದ ಫಲಿತಾಂಶವನ್ನು ಇಡೀ ಹಳ್ಳದ ತೀರ್ಪು ಎಂದು ಹೇಳಬೇಡಿ.

ತೂಗದೆ ಉಳಿದ ಹೆಚ್ಚುವರಿ ಹುಳಗಳನ್ನು ತಂದ ಹಳ್ಳಕ್ಕೇ, ತಂದ ಜಾಗಕ್ಕೇ ಬಿಡಿ. ಮನೆಯ ಹತ್ತಿರದ ಬೇರೆ ಹಳ್ಳಕ್ಕೋ ಕೆರೆಗೋ ಬೇಡ. ತಾಟು, ಕುಂಚ, ಚೀಲಗಳನ್ನು ತೊಳೆದು ಎರಡು ದಿನ ಬಿಸಿಲಿನಲ್ಲಿ ಪೂರ್ತಿ ಒಣಗಿಸಿದ ಮೇಲಷ್ಟೇ ಇನ್ನೊಂದು ಹಳ್ಳಕ್ಕೆ ಒಯ್ಯಿರಿ.